ಮೂವತ್ತೊಂದನೆಯ ಚೌಕ

ಗಿರಾಕಿಗಳ ಅಂಗಿಯ ತೋಳು ಆಗೊಮ್ಮೆ ಈಗೊಮ್ಮೆ ಅರ್ಧ ಇಂಚು ಉದ್ದವೋ ಗಿಡ್ಡವೋ ಆದದ್ದುಂಟು. ಆದರೆ ದರ್ಜಿಯ ಸಿಪಾಯಿಗಳ ಅಂಗಿಯಲ್ಲಿ ಒಂದೇ ಒಂದು ಗುಂಡಿ ಆಚೀಚೆ ಆದದ್ದಿಲ್ಲ. ಸೀಸದ ಸಿಪಾಯಿಗಳು, ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ. ದಾರ ಮುಗಿದ ಖಾಲಿ ರೀಲಿನ ನೆತ್ತಿಗೆ ಒಂದು ಚೂರು ಮೇಣ ಮೆತ್ತಿ, ಅದರ ಮೇಲೆ ಸಿಪಾಯಿಯನ್ನು ನಿಲ್ಲಿಸಿ, ರೀಲನ್ನು ಎಡಗೈಯಲ್ಲಿ ತಿರುಗಿಸುತ್ತ ಬಲಗೈಯಲ್ಲಿ ಬಣ್ಣ ಹಚ್ಚುವನು. ಮೊದಲು ಮೈಗೆಲ್ಲ ಕಪ್ಪು. ಅದು ಒಣಗಿದ ಮೇಲೆ ಅಂಗಿಯ ನೀಲಿ. ಮಡಿಕೆ ಬೀಳುವ ಕಡೆ ಅದೇ ನೀಲಿಗೆ ತುಸು ಕಪ್ಪು, ಹೆಗಲು ಮೊಣಕೈ ಎದ್ದು ಕಾಣುವ ಕಡೆ ತುಸು ಬಿಳಿ. ಮಿಕ್ಕವರು ಮಡಿಕೆಯನ್ನು ತೋಚಿದ ಕಡೆ ಎಳೆಯುತ್ತಾರೆ. ನಲವತ್ತು ವರ್ಷ ಬಟ್ಟೆ ಹೊಲಿದವನಿಗೆ, ಬಂದೂಕು ಎತ್ತಿದ ತೋಳಿನಲ್ಲಿ ಬಟ್ಟೆ ಎಲ್ಲಿ ಜಗ್ಗುತ್ತದೆ, ಕಂಕುಳಲ್ಲಿ ಎಲ್ಲಿ ಮುದುಡುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಣ್ಣಿಗೆ ಚುಕ್ಕೆ ಇಡುವಾಗ ಮಾತ್ರ ಉಸಿರು ಬಿಗಿಹಿಡಿಯುವನು.

"ಅಂಥಾ ಹೊತ್ತಲ್ಲಿ ಮನೆಗೆ ಬೆಂಕಿ ಬಿದ್ರೂ ಇವರು ಏಳಲ್ಲ" ಎಂದು ಹೆಂಡತಿ ಅಂಗಡಿಗೆ ಬಂದವರ ಮುಂದೆ ಹೇಳುವಳು. "ನನಗೆ ಸವತಿಯರು ಮುನ್ನೂರ ಹನ್ನೆರಡು ಜನ. ಎಲ್ಲರಿಗೂ ಮೀಸೆ!"

ಭಾನುವಾರ ಬಂತೆಂದರೆ ಆ ಮುನ್ನೂರ ಹನ್ನೆರಡು ಜನ ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಮಲಗಿ, ಮುಚ್ಚಿಹೋದ ಮುದ್ರಣಾಲಯವೊಂದರ ಮಾಳಿಗೆಗೆ ಹೋಗುವರು. ಅಲ್ಲಿ ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಮಾಡಿದ ಮೇಜು. ಮೇಜಿನ ಮೇಲೆ ಬೆಂಡಿನ ಗುಡ್ಡ, ಗಾಜಿನ ಹೊಳೆ, ಸ್ಪಂಜಿನ ಮರಗಳು, ಒಂದು ಮೂಲೆಯಲ್ಲಿ ಕೆಸರಿನ ಕೊಳ, ನಡುವೆ ರಟ್ಟಿನ ಕೋಟೆ. ಭೂಮಿ ಅಳೆಯುವ ಕೆಲಸದಲ್ಲಿದ್ದು ನಿವೃತ್ತರಾದ ಸರ್ವೆ ಸಾಹೇಬರು ಇದನ್ನೆಲ್ಲ ಕಟ್ಟಿದ್ದರು. ಉದ್ದಕ್ಕೂ ಅಡ್ಡಕ್ಕೂ ದಾರ ಬಿಗಿದು ಮೇಜನ್ನು ನಲವತ್ತೆಂಟು ಚೌಕ ಮಾಡಿ, ಒಂದೊಂದಕ್ಕೂ ಅಂಕಿ ಬರೆದಿದ್ದರು. ತೀರ್ಪು ಹೇಳುವವರೂ ಅವರೇ. ಅವರು ಇಲ್ಲ ಎಂದರೆ ಇಲ್ಲ.

ದರ್ಜಿಯ ನೀಲಿ ಸೈನ್ಯದ ಎದುರಿಗೆ ಹಲ್ಲಿನ ಡಾಕ್ಟರರ ಕೆಂಪು ಸೈನ್ಯ. ಡಾಕ್ಟರರು ಹಲ್ಲಿನ ಅಚ್ಚು ತೆಗೆಯುವ ಪುಡಿಯಲ್ಲೇ ಫಿರಂಗಿಗಳ ಅಚ್ಚು ಮಾಡಿ, ಹಲ್ಲು ಕೆರೆಯುವ ಕೊಕ್ಕೆಯಲ್ಲೇ ಗಾಲಿಯ ಅರಗಳನ್ನು ಕೊರೆಯುವರು. ಇಬ್ಬರ ನಡುವಿನ ಯುದ್ಧ ಒಂಬತ್ತು ವರ್ಷದಿಂದ ನಡೆದಿತ್ತು.

ಆಟದ ಕಟ್ಟಳೆ ಹೀಗೆ. ಭಾನುವಾರ ಹತ್ತು ಗಂಟೆಗೆ ಇಬ್ಬರೂ ಮೂರು ಮೂರು ಚೀಟಿ ತಂದು ತಮ್ಮ ತಮ್ಮ ಡಬ್ಬಿಗೆ ಹಾಕಬೇಕು. ಯಾವ ಪಡೆ ಯಾವ ಚೌಕಕ್ಕೆ ಹೋಗಬೇಕು, ಫಿರಂಗಿ ಯಾವ ಚೌಕಕ್ಕೆ ಹೊಡೆಯಬೇಕು ಎನ್ನುವುದು ಅದರಲ್ಲಿರಬೇಕು. ಸಾಹೇಬರು ಒಂದು ಸಲಕ್ಕೆ ಎರಡೂ ಕಡೆಯ ಒಂದೊಂದು ಚೀಟಿ ಬಿಚ್ಚಿ ಗಟ್ಟಿಯಾಗಿ ಓದುವರು. ಎದುರಾದವರ ಸಾವು ಬದುಕನ್ನು ದಾಳ ಹೇಳುವುದು. ಚೀಟಿ ಮಾತ್ರ ಸೇನಾಪತಿಯ ಕೈಯಲ್ಲೇ ಬರೆದದ್ದಾಗಿರಬೇಕು, ಬೇರೆಯವರ ಕೈಬರಹದ ಆಜ್ಞೆ ನಿಲ್ಲುವುದಿಲ್ಲ, ಆ ಯುದ್ಧ ಸೋತಂತೆಯೇ. ಹಿಂದೆ ಯಾರೋ ಒಬ್ಬರು ಮನೆಯಲ್ಲಿದ್ದ ಬುದ್ಧಿವಂತರಿಂದ ಬರೆಸಿಕೊಂಡು ಬಂದು ಜಗಳವಾಗಿತ್ತಂತೆ, ಅಂದಿನಿಂದ ಈ ಕಟ್ಟಳೆ.

ಇನ್ನೂ ಒಂದಿತ್ತು. ನಡುವಿನ ಕೊನೆಯ ಕೋಟೆಗಾಗಿ ನಡೆಯುವ ಯುದ್ಧದಲ್ಲಿ ಸಾಲಾಗಿ ಮೂರು ಭಾನುವಾರ ಸೋತ ಸೈನ್ಯ ಗೋಡೆಯ ಗಾಜಿನ ಬೀರು ಸೇರಬೇಕು. ಅಲ್ಲಿಗೆ ಸೇರಿದ್ದು ಮತ್ತೆ ಮೇಜಿಗೆ ಇಳಿಯುವುದಿಲ್ಲ. ಬೀರುವಿನಲ್ಲಿ ಆಗಲೇ ನಾಲ್ಕು ಸೈನ್ಯ ನಿಂತಿದ್ದವು. ಅವುಗಳ ಸೇನಾಪತಿಗಳು ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟಿದ್ದರು. ಮೇಜಿನ ಪಕ್ಕದ ಕುರ್ಚಿಗಳು ಸೇನಾಪತಿಗಳಿಗೆ ಮಾತ್ರ, ಕೊನೆಗೆ ಬಿಟ್ಟುಹೋದ ಔಷಧಿ ಅಂಗಡಿಯವರ ಕುರ್ಚಿಗೆ ಇನ್ನೂ ಯಾರೂ ಬಂದಿರಲಿಲ್ಲ.

ಈಗ ದರ್ಜಿಯ ಗುಟ್ಟು. ಅವನಿಗೆ ಬರೆಯಲು ಬರುತ್ತಿರಲಿಲ್ಲ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ಚಿಕ್ಕಪ್ಪನ ಹೊಲಿಗೆ ಅಂಗಡಿಗೆ ಕೂತವನು. ಅಂಗಡಿ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದುವನು, ತನ್ನ ಹೆಸರನ್ನು ಎಳೆದು ಎಳೆದು ಬರೆಯುವನು, ಅಷ್ಟೇ. ಅಂಕಿಯಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಅದು ಟೇಪು ಕಲಿಸಿದ ವಿದ್ಯೆ.

ಚೀಟಿ ಬರೆಯುತ್ತಿದ್ದವನು ಅವನ ಗೆಳೆಯ. ಅವನು ಕಚೇರಿಯ ಗೋಡೆಯ ಪಕ್ಕದಲ್ಲಿ ಸಣ್ಣ ಮೇಜು ಹಾಕಿಕೊಂಡು, ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಡುವವನು. ಹಾಗಾಗಿ ಎಲ್ಲರ ಬಾಯಲ್ಲೂ ಅವನು 'ಅರ್ಜಿ'ಯೇ. ಎರಡನೇ ಕ್ಲಾಸಿನಲ್ಲಿ ಇಬ್ಬರೂ ಒಂದೇ ಬೆಂಚು. ಬೀದಿಯವರಿಗೆ ದರ್ಜಿ-ಅರ್ಜಿ ಎಂದರೆ ಒಂದೇ ಉಸಿರಿನ ಮಾತು. ಅರ್ಜಿಗೆ ಹತ್ತು ಬಗೆಯ ಕೈಬರಹ ಬರುತ್ತಿತ್ತು. ಅದರಲ್ಲಿ ಒಂದನ್ನು, ಬಲಕ್ಕೆ ವಾಲಿದ, ಬಾಲ ಉದ್ದದ ಒಂದು ಬರಹವನ್ನು, ದರ್ಜಿಗಾಗಿಯೇ ಕಟ್ಟಿಕೊಟ್ಟಿದ್ದನು. ಒಂಬತ್ತು ವರ್ಷದಿಂದ ಸಾಹೇಬರು ಅದನ್ನೇ ದರ್ಜಿಯ ಕೈ ಎಂದು ನಂಬಿದ್ದರು. "ನಿಮ್ಮ ಬರಹ ನಿಮ್ಮ ಹೊಲಿಗೆ ಹಾಗೇ ಇದೆ ಕಣ್ರೀ" ಎಂದು ಒಮ್ಮೆ ಹೊಗಳಿದ್ದೂ ಉಂಟು. ಅವತ್ತು ದಾರಿಯುದ್ದಕ್ಕೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಕೊನೆಯ ಕೋಟೆಯ ಸುತ್ತ ಯುದ್ಧ ಬಂದು ನಿಂತ ಮೇಲೆ ದರ್ಜಿ ಎರಡು ಭಾನುವಾರ ಒಂದರ ಹಿಂದೆ ಒಂದು ಸೋತನು. ಸೋಲು ಅವನಿಗೆ ಹೊಸದಲ್ಲ. ಆದರೆ ಎರಡು ಸಲವೂ ಅವನ ಪಡೆ ಗುಡ್ಡದ ಸಂದಿನಿಂದ ಹೊರಗೆ ಕಾಲಿಡುವಷ್ಟರಲ್ಲಿ ಡಾಕ್ಟರರ ಫಿರಂಗಿಗಳು ಅದೇ ಸಂದಿಗೆ ಬಾಯಿ ತೆರೆದುಕೊಂಡು ಕೂತಿದ್ದವು. "ಡಾಕ್ಟ್ರು ಬಾಯಿ ನೋಡೇ ಒಳಗಿನ ಹುಳುಕು ಹೇಳ್ತಾರಪ್ಪ" ಎಂದು ನೋಡಲು ಬಂದಿದ್ದ ಬೇಕರಿಯವನು ನಗೆಯಾಡಿದ್ದನು. ಇರಬಹುದು ಎಂದುಕೊಂಡು ದರ್ಜಿಯೂ ಸುಮ್ಮನಾಗಿದ್ದನು.

ಶನಿವಾರ ಸಂಜೆ ಅಂಗಡಿಯಲ್ಲಿ ಗಿರಾಕಿಗಳು ಕರಗಿದ ಮೇಲೆ ಅರ್ಜಿ ಬಂದನು. ಇಸ್ತ್ರಿ ಮೇಜಿನ ಮೇಲೆ ಕಾಗದ ಹರಡಿದನು.

"ಹೇಳಪ್ಪ ಸೇನಾಪತಿ. ನಾಳೆ ಯಾರ್ಯಾರನ್ನ ಸಾಯಿಸ್ತೀಯ?"

"ನಾಳೆ ನಾನು ಸಾಯಲ್ಲ, ಅಷ್ಟು ಸಾಕು. ನಾಳೆ ಸೋತ್ರೆ ಬೀರು ಕಣೋ."

"ಗೊತ್ತು."

"ಮೊದಲ್ನೇ ಚೀಟೀಲಿ ಏನಿಲ್ಲ. ಕಾಲಾಳು ಇದ್ದಲ್ಲೇ ಇರ್ಲಿ. ಎರಡ್ನೇದು ಬರಿ. ಕುದುರೆ ಅಷ್ಟೂ ಕೊಳದ ಹಿಂದಿಂದ ಮೂವತ್ತೊಂದಕ್ಕೆ."

ಅರ್ಜಿ ಪೆನ್ನು ಎತ್ತಿದನು. "ಮೂವತ್ತೊಂದು ಕೆಸರು ಕಣೋ. ಅಲ್ಲಿಗೆ ಯಾವ ಹುಚ್ಚ ಕುದುರೆ ಇಳಿಸ್ತಾನೆ?"

"ಅದಕ್ಕೇ ಕಣೋ. ಒಂಬತ್ತು ವರ್ಷದಲ್ಲಿ ಒಬ್ಬರಾದ್ರೂ ಇಳಿಸಿದ್ದಾರಾ? ಡಾಕ್ಟ್ರು ಆ ಕಡೆ ತಿರುಗಿ ನೋಡೋದೂ ಇಲ್ಲ."

ಅರ್ಜಿ ಬರೆದನು. ಮೂರನೆಯದನ್ನೂ ಬರೆದನು. ಪೆನ್ನಿನ ಟೋಪಿ ಮುಚ್ಚುತ್ತ, "ಔಷಧಿ ಅಂಗಡಿಯವರು ಹೋದ ಮೇಲೆ ಆ ಕುರ್ಚಿ ಹಾಗೇ ಖಾಲಿ ಇದೆ" ಎಂದನು.

"ಹೂಂ."

"ಸಾಹೇಬ್ರಿಗೆ ಒಂದು ಮಾತು ಹೇಳ್ತೀನಿ ಅಂದಿದ್ದೆ ನೀನು."

"ಹೇಳೋಣ ತಗೋ. ನೀನೂ ಕುರ್ಚಿ ಹತ್ತಿದ್ರೆ ನನಗೆ ಬರೆಯೋರು ಯಾರೋ?" ಎಂದು ದರ್ಜಿ ನಕ್ಕನು. ಅರ್ಜಿಯೂ ನಕ್ಕು ಎದ್ದುಹೋದನು.

ಭಾನುವಾರ ಬೆಳಿಗ್ಗೆ ಕುದುರೆಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಮಲಗಿಸುವಾಗ ದರ್ಜಿಯ ಮನಸ್ಸು ಹೊಯ್ದಾಡಿತು. ಕೆಸರಿನಲ್ಲಿ ಕುದುರೆಯ ನಡೆ ಅರ್ಧಕ್ಕೆ ಇಳಿಯುತ್ತದೆ. ಹಾಗೆಯೇ ಕೊಳವನ್ನು ಬಳಸಿಕೊಂಡು ಆಚೆಯ ದಂಡೆಗೆ ಹೋದರೆ ಮೂವತ್ತೇಳು. ಅಲ್ಲಿ ನೆಲ ಗಟ್ಟಿ, ಎದುರಿಗೇ ಡಾಕ್ಟರರ ಫಿರಂಗಿಗಳ ಬೆನ್ನು. ಅರ್ಜಿಯ ಮನೆಗೆ ಹೋಗಿ ಮತ್ತೆ ಬರೆಸಲು ಹೊತ್ತಿರಲಿಲ್ಲ. ಬರೆಸಬೇಕಾದ ಅಗತ್ಯವೂ ಇರಲಿಲ್ಲ. ಎರಡನೇ ಚೀಟಿ ಬಿಚ್ಚಿ, ಅಳತೆ ಬರೆದುಕೊಳ್ಳುವ ಪೆನ್ನಿನಿಂದ 31ರಲ್ಲಿನ ಒಂದರ ತಲೆಯ ಮೇಲೆ ಸಣ್ಣದೊಂದು ಅಡ್ಡಗೆರೆ ಎಳೆದನು. ಏಳಾಯಿತು. ಮಡಿಸಿ ಜೇಬಿಗೆ ಹಾಕಿಕೊಂಡನು. ಇದನ್ನು ಯಾರಿಗಾದರೂ ಹೇಳಬೇಕು ಎಂದು ಅವನಿಗೆ ತೋಚಲೇ ಇಲ್ಲ.

ಮಾಳಿಗೆಯಲ್ಲಿ ಆಗಲೇ ಜನ ಸೇರಿದ್ದರು. ಬೇಕರಿಯವನು ತಮ್ಮನನ್ನೂ ಕರೆತಂದಿದ್ದನು. ಅರ್ಜಿ ಎಂದಿನಂತೆ ದರ್ಜಿಯ ಕುರ್ಚಿಯ ಹಿಂದಿನ ಸ್ಟೂಲಿನಲ್ಲಿ ಕೂತಿದ್ದನು. ಡಬ್ಬಿಗಳಿಗೆ ಚೀಟಿ ಬಿದ್ದವು. ಮೊದಲ ಚೀಟಿಯಲ್ಲಿ ಇಬ್ಬರದೂ ಏನೂ ನಡೆಯಲಿಲ್ಲ. ಸಾಹೇಬರು ಕನ್ನಡಕ ಒರೆಸಿಕೊಂಡು ಎರಡನೆಯದನ್ನು ಬಿಚ್ಚಿದರು.

"ಕೆಂಪು ಸೈನ್ಯ" ಎಂದು ಓದಿದರು. "ಫಿರಂಗಿ ಎಂಟೂ..." ಅಲ್ಲಿಗೆ ನಿಂತು, ಚೀಟಿಯನ್ನು ದೂರ ಹಿಡಿದು ಇನ್ನೊಮ್ಮೆ ನೋಡಿದರು. "ಫಿರಂಗಿ ಎಂಟೂ ಕೊಳದ ಕಡೆ ತಿರುಗಿ, ಮೂವತ್ತೊಂದನೇ ಚೌಕಕ್ಕೆ ಹೊಡೆಯುವುದು. ಡಾಕ್ಟ್ರೇ, ಮೂವತ್ತೊಂದೇ ತಾನೆ?"

"ಹೌದು" ಎಂದರು ಡಾಕ್ಟರರು.

"ನೀಲಿ ಸೈನ್ಯ. ಕುದುರೆ ಅಷ್ಟೂ ಕೊಳದ ಹಿಂದಿನಿಂದ ಮೂವತ್ತೇಳಕ್ಕೆ."

ಎಲ್ಲರ ಕಣ್ಣೂ ಮೂವತ್ತೊಂದರ ಖಾಲಿ ಕೆಸರಿಗೆ ಹೋಯಿತು. ಆಮೇಲೆ ಬೇಕರಿಯ ಅಣ್ಣ-ತಮ್ಮ ಒಟ್ಟಿಗೇ ಕಟ್ಟೆಯೊಡೆದಂತೆ ನಕ್ಕರು.

"ಕಪ್ಪೆಗೆ ಫಿರಂಗಿ ಹೊಡೆದ್ರು ಡಾಕ್ಟ್ರು!"

"ಎಂಟು ಫಿರಂಗಿ ಅಣ್ಣ! ಒಂದು ಕಪ್ಪೆಗೆ ಒಂದು ಸಾಲ್ದಾ?"

ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ದರ್ಜಿಯ ಕುದುರೆಗಳು ಗಟ್ಟಿ ನೆಲದ ಮೇಲೆ, ಕೆಸರಿಗೆ ಮುಖ ಮಾಡಿ ನಿಂತ ಫಿರಂಗಿಗಳ ಪಕ್ಕಕ್ಕೇ ಬಂದು ನಿಂತಿದ್ದವು. ದಾಳ ಉರುಳಿತು. ಎಂಟರಲ್ಲಿ ಏಳು ಫಿರಂಗಿ ಹೋದವು. ಯಾರೋ ದರ್ಜಿಯ ಬೆನ್ನು ತಟ್ಟಿದರು. ಕೋಟೆಯ ಬಾಗಿಲು ಈಗ ತೆರೆದಂತೆಯೇ. ಮೂರನೇ ಚೀಟಿ ಬಿಚ್ಚುವುದಷ್ಟೇ ಬಾಕಿ.

ದರ್ಜಿ ನಗಲಿಲ್ಲ. ಮೂವತ್ತೊಂದು. ಒಂಬತ್ತು ವರ್ಷದಲ್ಲಿ ಯಾರ ಬಾಯಲ್ಲೂ ಬಾರದ ಚೌಕ. ಅದನ್ನು ಅವನು ಹೇಳಿದ್ದು ಒಂದೇ ಸಲ, ಇಸ್ತ್ರಿ ಮೇಜಿನ ಮುಂದೆ, ಒಬ್ಬನಿಗೆ. ಹಿಂದಿನ ಸ್ಟೂಲು ಕಿರುಗುಟ್ಟಿದ್ದು ಅವನಿಗೆ ಕೇಳಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದೆ, ನೋಡದಿದ್ದರೆ ಇನ್ನೊಂದು ಗಳಿಗೆ ಗೆಳೆಯ ಗೆಳೆಯನಾಗಿಯೇ ಇರುತ್ತಾನೆ ಎಂದು ಮೇಜಿನ ದಾರಗಳನ್ನೇ ನೋಡುತ್ತ ಕೂತನು.

"ಊಟ ಮಾಡ್ಕೊಂಡು ಬನ್ನಿ. ಮೂರನೇದು ಆಮೇಲೆ" ಎಂದರು ಸಾಹೇಬರು.

ಮಾಳಿಗೆಯ ಹಿಂದೆ ಕೈ ತೊಳೆಯುವ ನಲ್ಲಿ ಇತ್ತು. ಹಳೆಯ ಮಸಿಯ ಕಲೆ ಇನ್ನೂ ಹೋಗದ ಕಲ್ಲಿನ ತೊಟ್ಟಿ. ದರ್ಜಿ ನಲ್ಲಿ ತಿರುಗಿಸಿ ಕೈಯೊಡ್ಡದೆ ನಿಂತಿದ್ದನು. ಅರ್ಜಿ ತಾನಾಗಿಯೇ ಹಿಂದೆ ಬಂದು ನಿಂತನು.

"ಯಾವಾಗ ಬದಲಾಯಿಸ್ದೆ?" ಎಂದನು ಅರ್ಜಿ.

"ಬೆಳಿಗ್ಗೆ."

"ನನಗೆ ಒಂದು ಮಾತು ಹೇಳ್ಬಾರ್ದಾ?"

ದರ್ಜಿ ತಿರುಗಿ ಅವನ ಮುಖ ನೋಡಿದನು. "ಅದು ನೀನು ಕೇಳೋ ಮಾತೇನೋ?"

ಅರ್ಜಿ ನಲ್ಲಿ ನಿಲ್ಲಿಸಿದನು. ನೀರು ಪೋಲಾಗುವುದು ಅವನಿಗೆ ಆಗದು.

"ಹಿಂದಿನ ಎರಡು ಭಾನುವಾರನೂ ನೀನೇನಾ?"

"ಹೂಂ."

"ಯಾಕೋ?"

"ಡಾಕ್ಟ್ರು ಸಾಹೇಬ್ರಿಗೆ ಹೇಳಿ ಕುರ್ಚಿ ಕೊಡಿಸ್ತೀನಿ ಅಂದ್ರು."

"ಒಂದು ಕುರ್ಚಿಗೆ?"

"ಒಂದು ಕುರ್ಚಿಗೇ ಕಣೋ!" ಅರ್ಜಿಯ ದನಿ ಮೇಲೆ ಹೋಗಿ, ಬಾಗಿಲ ಕಡೆ ನೋಡಿ ಕೆಳಗಿಳಿಯಿತು. "ಒಂಬತ್ತು ವರ್ಷ ನಿನ್ನ ಬೆನ್ನು ನೋಡ್ಕೊಂಡು ಸ್ಟೂಲ್ ಮೇಲೆ ಕೂತಿದ್ದೀನಿ. ನಾಲ್ಕು ವರ್ಷದ ಹಿಂದೆ ಸೇತುವೆ ಸುಡೋ ಉಪಾಯ ಯಾರದ್ದು? ರಾತ್ರೋರಾತ್ರಿ ಕಾಲಾಳು ಹಿಂದೆ ತೆಗೆದದ್ದು? ನಾನು ಅಂದೆ, ನೀನು ಹೂಂ ಬರಿ ಅಂದೆ. ಚಪ್ಪಾಳೆ ಬಿದ್ದದ್ದು ಯಾರಿಗೆ? ನಿನ್ನ ಯುದ್ಧ ಅಂತೀಯಲ್ಲ, ಅದರಲ್ಲಿ ಒಂದು ಅಕ್ಷರ ನಿಂದಿದೆಯಾ?"

ಸೇತುವೆಯ ಉಪಾಯ ಯಾರದು ಎಂದು ದರ್ಜಿ ನೆನಪು ಮಾಡಿಕೊಳ್ಳಲು ನೋಡಿದನು. ಇಬ್ಬರೂ ಕೂತು ಮಾತಾಡಿದ್ದು ನೆನಪಾಯಿತು. ಯಾರು ಮೊದಲು ಅಂದದ್ದು ಎನ್ನುವುದು ನೆನಪಾಗಲಿಲ್ಲ. ಅದನ್ನು ಲೆಕ್ಕ ಇಡಬೇಕು ಎಂದು ಅವನಿಗೆ ಗೊತ್ತಿರಲಿಲ್ಲ. ಗೆಳೆಯ ಇಟ್ಟಿದ್ದನು.

"ಕೇಳ್ಬಹುದಿತ್ತಲ್ಲೋ" ಎಂದನು.

"ಕೇಳ್ದೆ. ನೆನ್ನೇನೂ ಕೇಳ್ದೆ. ಬರೆಯೋರು ಯಾರು ಅಂತ ನಕ್ಕೆ ನೀನು."

"ನಕ್ಕಿದ್ದಕ್ಕೆ ನನ್ನ ಜನಾನೆಲ್ಲ ಬೀರುಗೆ ಹಾಕಿಸ್ತೀಯಾ? ಅವರಿಗೆ ಕಣ್ಣು ಬರೀವಾಗ ದೀಪ ಹಿಡಿದವನು ನೀನು ಕಣೋ."

ಅರ್ಜಿ ತಲೆ ತಗ್ಗಿಸಿದನು. ಆಮೇಲೆ, ಬಹಳ ಹೊತ್ತು ಯೋಚಿಸಿಟ್ಟುಕೊಂಡವನಂತೆ, ಮೆಲ್ಲಗೆ ಹೇಳಿದನು. "ಈಗೇನಾಯ್ತು? ನೀನೇ ಗೆಲ್ತಾ ಇದ್ದೀಯ. ಮೂರನೇ ಚೀಟಿ ಸರಿಯಾಗೇ ಇದೆ, ಡಾಕ್ಟ್ರ ಹತ್ರ ಇನ್ನೇನೂ ಉಳಿದಿಲ್ಲ. ಸುಮ್ನೆ ಹೋಗಿ ಕೂತ್ಕೋ. ಒಳಗೆ ಹೋಗಿ ನನ್ನ ಹೆಸರು ಹೇಳಿದ್ರೆ, ನನಗೆ ಹೇಗೆ ಗೊತ್ತಾಯ್ತು ಅಂತ ಸಾಹೇಬ್ರು ಕೇಳ್ತಾರೆ. ಆಗ ಏನಂತೀಯ?"

ಗುಟ್ಟು ಮಾರಿಕೊಂಡದ್ದಕ್ಕಿಂತ ಈ ಮಾತು ದರ್ಜಿಯನ್ನು ಹೆಚ್ಚು ನೋಯಿಸಿತು. ತನಗೆ ಬರೆಯಲು ಬಾರದು ಎನ್ನುವುದನ್ನು ಅವನು ಹೆಂಡತಿಗೆ ಬಿಟ್ಟರೆ ನಾಚಿಕೆಯಿಲ್ಲದೆ ಹೇಳಿಕೊಂಡದ್ದು ಇವನೊಬ್ಬನಿಗೆ. ಅದನ್ನೇ ಇವನು ತನ್ನ ಬಾಯಿಗೆ ಬೀಗವಾಗಿ ಇಟ್ಟುಕೊಂಡಿದ್ದಾನೆ.

ಒಳಗಿನಿಂದ ಬೇಕರಿಯವನು ಕೂಗಿದನು. "ದರ್ಜಿಯಣ್ಣ, ಬನ್ನಿ, ಕೋಟೆ ಕಾಯ್ತಾ ಇದೆ!"

ದರ್ಜಿ ಒಳಗೆ ಹೋದನು, ಹಿಂದೆಯೇ ಅರ್ಜಿ ಬಂದು ಸ್ಟೂಲಿನಲ್ಲಿ ಕೂತನು. ಸಾಹೇಬರು ಮೂರನೇ ಚೀಟಿಗೆ ಕೈ ಹಾಕಿದ್ದರು. ಸುತ್ತ ಎಲ್ಲರ ಮುಖದಲ್ಲೂ ಗೆಲ್ಲುವವನನ್ನು ನೋಡುವ ಖುಷಿ. ಕೋಟೆಯ ಮುಂದೆ ಅವನ ನೀಲಿ ಜನ ಸಾಲಾಗಿ ನಿಂತಿದ್ದರು. ಸುಮ್ಮನಿದ್ದರೆ ಅವರು ಇನ್ನೂ ಎಷ್ಟೋ ವರ್ಷ ಮೇಜಿನ ಮೇಲಿರುತ್ತಾರೆ. ಹಿಂದಿನ ಸ್ಟೂಲಿನಲ್ಲಿ ಅರ್ಜಿಯೂ ಇರುತ್ತಾನೆ. ಶನಿವಾರ ಶನಿವಾರ ಇಸ್ತ್ರಿ ಮೇಜಿಗೆ ಬಂದು ಪೆನ್ನಿನ ಟೋಪಿ ತೆಗೆಯುತ್ತಾನೆ. ತಾನು ಹೇಳುತ್ತಿರಬೇಕು, ಅವನು ಬರೆಯುತ್ತಿರಬೇಕು.

"ಸಾಹೇಬ್ರೇ, ಅದನ್ನ ಬಿಚ್ಬೇಡಿ" ಎಂದನು.

"ಯಾಕೆ?"

"ಅದು ನನ್ನ ಕೈ ಅಲ್ಲ." ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಹೇಳಿದನು. "ಯಾವುದೂ ನನ್ನ ಕೈ ಅಲ್ಲ. ಒಂಬತ್ತು ವರ್ಷದಿಂದ ಇವನು ಬರೆದದ್ದು. ನನಗೆ ಬರೆಯೋಕೆ ಬರಲ್ಲ. ನಾನು ಮೂವತ್ತೊಂದು ಅಂದಿದ್ದು ಇವನಿಗೆ ಮಾತ್ರ. ಬೆಳಿಗ್ಗೆ ನಾನೇ ಅಂಕಿ ತಿದ್ದಿದೆ. ಡಾಕ್ಟ್ರು ಮೂವತ್ತೊಂದಕ್ಕೆ ಹೊಡೆದ್ರು."

ಬೇಕರಿಯ ತಮ್ಮನಿಗೆ ಇನ್ನೂ ತಿಳಿಯಲಿಲ್ಲ. ಅಣ್ಣ ಅವನ ತೋಳು ಹಿಡಿದು ಸುಮ್ಮನಿರಿಸಿದನು. ಎಲ್ಲರೂ ಡಾಕ್ಟರರ ಕಡೆ ನೋಡಿದರು. ಡಾಕ್ಟರರ ಮುಖ ಸುಣ್ಣ ಬಳಿದ ಹಾಗಾಗಿತ್ತು.

"ನಾನು ಮೊದಲು ಕೇಳಿರ್ಲಿಲ್ಲ" ಎಂದರು ಅವರು. "ಅವನೇ ಬಂದು ಹೇಳಿದ. ಕೇಳಿಸ್ಕೊಂಡ ಮೇಲೆ ಕೇಳಿಸಿಲ್ಲ ಅನ್ನೋ ಹಾಗೆ ಆಡೋಕೆ... ಆಗ್ಲಿಲ್ಲ."

ಸಾಹೇಬರು ಎದ್ದರು. ಕಪಾಟಿನಿಂದ ಕಟ್ಟಳೆಯ ಪುಸ್ತಕ ತೆಗೆದು, ಗೊತ್ತಿದ್ದ ಪುಟವನ್ನೇ ಹುಡುಕುವವರಂತೆ ಹುಡುಕಿದರು. "ಬೇರೆಯವರ ಕೈಬರಹದ ಆಜ್ಞೆ ನಿಲ್ಲೋದಿಲ್ಲ. ಯುದ್ಧ ಸೋತ ಹಾಗೆ. ಇದು ನಾನೇ ಬರೆದದ್ದು" ಎಂದರು. ಇನ್ನೂ ಎರಡು ಪುಟ ತಿರುವಿದರು. "ಇನ್ನೊಬ್ಬರ ಆಜ್ಞೆ ಮೊದಲೇ ತಿಳ್ಕೊಂಡವರಿಗೆ ಏನು ಅಂತ ಬರೆದಿಲ್ಲ. ಅಂಥದ್ದು ಇಲ್ಲಿ ನಡೆಯುತ್ತೆ ಅಂತ ನನಗೆ ತೋಚಿರ್ಲಿಲ್ಲ."

"ನನಗೆ ಈ ಗೆಲುವು ಬೇಡ" ಎಂದರು ಡಾಕ್ಟರರು.

"ಬೇಡ ಅನ್ನೋಕೆ ಈಗ ಬಾಯಿ ಬಂತಾ ನಿಮಗೆ?" ಎಂದರು ಸಾಹೇಬರು. ಪುಸ್ತಕ ಮುಚ್ಚಿ ದರ್ಜಿಯ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಬರೆಯೋಕೆ ಬರಲ್ಲ ಅಂತ ಮೊದಲ್ನೇ ದಿನವೇ ಅಂದಿದ್ರೆ ನಾನು ಕಟ್ಟಳೆ ಬದಲಾಯಿಸ್ತಿದ್ದೆ ಕಣಯ್ಯ."

ದರ್ಜಿ ಹೋಗಿ ಬೀರುವಿನ ಬಾಗಿಲು ತೆರೆದನು. ಪೆಟ್ಟಿಗೆಯ ಹತ್ತಿ ಈಗ ಬೇಕಾಗಿರಲಿಲ್ಲ. ಒಂದೊಂದೇ ಸಿಪಾಯಿಯನ್ನು ಎರಡು ಬೆರಳಲ್ಲಿ ಎತ್ತಿ ಬೀರುವಿನ ಹಲಗೆಯ ಮೇಲೆ ನಿಲ್ಲಿಸತೊಡಗಿದನು. ಕಾಲಾಳು ಹಿಂದೆ, ಕುದುರೆ ಮುಂದೆ. ಅರ್ಜಿ ಎದ್ದು ಬಂದು, ಇಷ್ಟು ವರ್ಷ ಮಾಡಿಕೊಂಡು ಬಂದ ಹಾಗೆ, ತಟ್ಟೆಯಲ್ಲಿ ಹತ್ತು ಸಿಪಾಯಿಗಳನ್ನು ಇಟ್ಟು ಮುಂದಕ್ಕೆ ಚಾಚಿದನು.

"ಮುಟ್ಬೇಡ" ಎಂದನು ದರ್ಜಿ.

ಅರ್ಜಿ ತಟ್ಟೆಯನ್ನು ಮೇಜಿನ ಮೇಲೆ ಇಟ್ಟನು. ಹೋಗಲಿಲ್ಲ, ಕೂರಲೂ ಇಲ್ಲ.

ಮುನ್ನೂರ ಹನ್ನೆರಡು ಜನರೂ ಒಳಗೆ ನಿಂತಾಗ ಕಿಟಕಿಯ ಬಿಸಿಲು ಗೋಡೆ ಬಿಟ್ಟು ನೆಲಕ್ಕಿಳಿದಿತ್ತು. ಸಾಹೇಬರು ಅಂಗೈಯಗಲದ ಒಂದು ರಟ್ಟು ತಂದುಕೊಟ್ಟರು. ಬೀರು ಸೇರಿದ ಸೈನ್ಯದ ಮುಂದೆ ಅದರ ಹೆಸರು ಬರೆದಿಡುವುದು ಅಲ್ಲಿನ ವಾಡಿಕೆ. ರಟ್ಟು ಕೈಗೆ ಬಂದದ್ದೇ ತಡ, ದರ್ಜಿಯ ಕಣ್ಣು ತಾನಾಗಿಯೇ ಅರ್ಜಿಯ ಕಡೆ ಹೋಯಿತು. ಅರ್ಜಿಯ ಕೈಯೂ ಅಷ್ಟರಲ್ಲಿ ಜೇಬಿನ ಪೆನ್ನಿಗೆ ಹೋಗಿತ್ತು.

ಇಬ್ಬರೂ ಹಾಗೆಯೇ ಒಂದು ಗಳಿಗೆ ನಿಂತರು.

ದರ್ಜಿ ಕಣ್ಣು ಕಿತ್ತುಕೊಂಡನು. ರಟ್ಟನ್ನು ಸಾಹೇಬರ ಕೈಗೇ ವಾಪಸು ಕೊಟ್ಟು, "ಹೆಸರು ಬೇಡ ಸಾಹೇಬ್ರೇ, ಹಾಗೇ ಇರ್ಲಿ" ಎಂದನು. ಗಾಜಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಖಾಲಿ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದನು.

ಬೀದಿಯಲ್ಲಿ ಹಿಂದೆ ಹೆಜ್ಜೆ ಸದ್ದು ಕೇಳುತ್ತಿತ್ತು. ಇಬ್ಬರ ಮನೆಯೂ ಒಂದೇ ಬೀದಿಯಲ್ಲಿ. ದರ್ಜಿ ನಿಧಾನ ಮಾಡಿದರೆ ಹೆಜ್ಜೆಯೂ ನಿಧಾನವಾಯಿತು. ಕೊನೆಗೆ ಅವನು ಗೋಡೆಯ ಪಕ್ಕಕ್ಕೆ ಸರಿದು ನಿಂತು, ಮುಖ ಎತ್ತದೆ, "ನೀನು ಮುಂದೆ ಹೋಗು" ಎಂದನು.

ಅರ್ಜಿ ಅವನನ್ನು ದಾಟಿ ಮುಂದೆ ಹೋದನು. ಅವನು ತಿರುವಿನಲ್ಲಿ ಮರೆಯಾಗುವ ತನಕ ದರ್ಜಿ ಅಲ್ಲೇ ನಿಂತಿದ್ದನು. ಅವನ ಬೆನ್ನನ್ನು ಇಷ್ಟು ಹೊತ್ತು ತಾನು ನೋಡಿದ್ದು ಅದೇ ಮೊದಲು.